ನಾಲ್ಕನೆಯ ಸಾಲು

ಲಾರಿ ಮಗುಚಿ ಗಾಯಗೊಂಡವರ ಬಗ್ಗೆ ಆಸ್ಪತ್ರೆಯಿಂದ ಎರಡು ಹಾಳೆ ಬಂದಿದ್ದವು. ಒಂದರಲ್ಲಿ ಬರೀ ಹೆಸರು, ಇನ್ನೊಂದರಲ್ಲಿ ಬರೀ ಸ್ಥಿತಿ. ದೊಡ್ಡಮಾದಪ್ಪನ ಹೆಸರು ಮೂರನೆಯ ಸಾಲಿನಲ್ಲಿತ್ತು. ಷಡಕ್ಷರಿ ಮೇಷ್ಟ್ರು ಇನ್ನೊಂದು ಹಾಳೆಯಲ್ಲೂ ಮೂರು ಸಾಲು ಎಣಿಸಿ ಬೆರಳು ನಿಲ್ಲಿಸಿದರು.

"ತೀರೋಗವ್ರೆ ಕಣವ್ವ."

ದೊಡ್ಡಮಾದಪ್ಪನ ಹೆಂಡತಿ ಪುಟ್ಟಮಲ್ಲಮ್ಮ ಕುಸಿದಳು. ಪಕ್ಕದ ಮನೆಯ ಶಿವನಂಜಮ್ಮ ಅವಳನ್ನು ತಬ್ಬಿಕೊಂಡಳು. "ಅಳ್ಬ್ಯಾಡ ಕಣಕ್ಕ, ನಾನಿಲ್ವಾ? ಸಾ, ನಮ್ಮನೆಯವ್ರುದೂ ಒಸಿ ನೋಡಿ."

ಅವಳ ಗಂಡನ ಹೆಸರು ನಾಲ್ಕನೆಯ ಸಾಲಿನಲ್ಲಿ, ಕೊನೆಗಿತ್ತು. ಸ್ಥಿತಿಯ ಹಾಳೆಯಲ್ಲಿ ನಾಲ್ಕನೆಯ ಸಾಲೇ ಇರಲಿಲ್ಲ.

ಮೇಷ್ಟ್ರು ಮತ್ತೆ ಮೇಲಿನಿಂದ ನೋಡಿದರು. ಹೆಸರಿನ ಹಾಳೆಯ ಮೊದಲ ಸಾಲು ಯಾರ ಹೆಸರೂ ಅಲ್ಲ, 'ಅಜ್ಜೀಪುರದವರು' ಎಂಬ ಹಾಳು ತಲೆಬರಹ! ಹಾಗಾದರೆ ದೊಡ್ಡಮಾದಪ್ಪನದು ಎರಡನೆಯ ಸಾಲು: 'ಕ್ಷೇಮ.'

ಮೂರನೆಯ ಸಾಲಿನ ಮೇಲಿದ್ದ ಬೆರಳನ್ನು ಮೇಷ್ಟ್ರಿಗೆ ಎತ್ತಲಾಗಲಿಲ್ಲ. ಶಿವನಂಜಮ್ಮ ಇನ್ನೂ ಪುಟ್ಟಮಲ್ಲಮ್ಮನ ಕಣ್ಣೊರೆಸುತ್ತಿದ್ದಳು.