ಫ್ಯಾನ್ ನೋಡುತ್ತಿದ್ದ ಆನೆ

ಇವತ್ತು ಅಕ್ಕಿ ಆರಿಸಿ, ಹಾಲಿಗೆ ಹೆಪ್ಪು ಹಾಕಿ, ಸ್ವೆಟರುಗಳನ್ನು ಬಿಸಿಲಿಗೆ ಹರವುವಾಗ ನುಸಿಗುಳಿಗೆಯ ವಾಸನೆಗೆ ಚಿಕ್ಕಮ್ಮನ ಆನೆ ನೆನಪಾಯಿತು.

ಭದ್ರಾವತಿಯ ಕಾಗದನಗರದಲ್ಲಿದ್ದ ಚಿಕ್ಕಮ್ಮ ಟಿವಿಯ ಮಕ್ಕಳ ಹಾಡಿನ ಕಾರ್ಯಕ್ರಮಕ್ಕೆ ಗೊಂಬೆ ಆಡಿಸುತ್ತಿದ್ದಳು. ಚಿಕ್ಕಪ್ಪನ ಬೂದು ಸ್ವೆಟರಿನ ತೋಳೇ ಆ ಆನೆಯ ಸೊಂಡಿಲು. ಆದರೆ ಆನೆ ಮಕ್ಕಳ ಕಡೆ ನೋಡುವುದೇ ಇಲ್ಲ, ಮುಂದಿನ ಸಲವೂ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಟಿವಿಯವರು ಹೇಳಿದ್ದರಂತೆ. ಮೇಜಿನ ಹಿಂದೆ ಅಂಗಾತ ಮಲಗಿ, ಕೈ ಮೇಲೆತ್ತಿ ಹಾಡುವವಳಿಗೆ ಗೊಂಬೆಯ ಮುಖ ಕಾಣುವುದು ಹೇಗೆ? ಒಂದು ಭಾನುವಾರ ಮನೆಯಲ್ಲೇ ಅಭ್ಯಾಸ; ಎದುರಿಗೆ ಕೂತ ನಾನೇ ಕ್ಯಾಮೆರಾ.

"ಈಗ ನಿನ್ನ ನೋಡ್ತಿದ್ಯೇನೇ?"

"ಇಲ್ಲ ಚಿಕ್ಕಮ್ಮ, ಫ್ಯಾನ್ ನೋಡ್ತಿದೆ."

"ಅಯ್ಯೋ ಮಾರಾಯ್ತಿ! ಈಗ?"

"ಅಜ್ಜಿನ ನೋಡ್ತಿದೆ."

"ನೋಡ್ಲಿ ಬಿಡು," ಎಂದಳು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ. "ಸೊಪ್ಪು ಬಿಡ್ಸೋದು ಅದಾದ್ರೂ ಕಲೀಲಿ. ಆಡ್ಸೋಳಂತೂ ಕಲೀಲಿಲ್ಲ."

ಚಿಕ್ಕಮ್ಮ ನಗುತ್ತಲೇ ಮತ್ತೆ ಮೊದಲಿಂದ ಹಾಡಿದಳು. ಕೈ ಸೋತಿತು, ಹಾಡು ಸೋಲಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಣಿಕಟ್ಟನ್ನು ಒಂಚೂರು ಬಗ್ಗಿಸಿದಳು. ಆನೆ ನಿಧಾನವಾಗಿ ತಿರುಗಿ ನನ್ನನ್ನೇ ನೋಡಿತು. ಹಿಂದೆ ಚಿಕ್ಕಮ್ಮ ಇರುವುದು ಗೊತ್ತಿದ್ದರೂ ನಾನು ಉತ್ತರ ಕೊಟ್ಟಿದ್ದು ಆನೆಗೆ.

"ಹೂಂ, ಈಗ ನೋಡ್ತಿದೀಯ."

ರಾತ್ರಿ ಊಟಕ್ಕೆ ಸೊಪ್ಪಿನ ಸಾರು, ಅನ್ನ. ಚಿಕ್ಕಮ್ಮನ ಬಲಗೈ ಮೇಲೇಳಲಿಲ್ಲ; ಅಜ್ಜಿಯೇ ಕಲಸಿ ತುತ್ತಿಟ್ಟಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳೂ ಚಿಕ್ಕಮ್ಮನೇ.