ಇಸ್ಪೀಟಿನ ಸಾಲ

ಕೊರಳ ಅಳತೆ ತೆಗೆಯಲು ಬಂದ ವಾರ್ಡರ್ ಟೇಪನ್ನು ತಿರುವುಮುರುವಾಗಿ ಹಿಡಿದಿದ್ದ.

"ಸಾರ್, ಒಂದರ ತುದಿ ಈ ಕಡೆ ಬರಬೇಕು. ಮಧ್ಯೆ ಒಂದು ಬೆರಳು ಇಟ್ಕೊಳ್ಳಿ, ಇಲ್ಲಾಂದ್ರೆ ಬಿಗಿಯಾಗುತ್ತೆ," ಎಂದ ಟೈಲರ್. ಇಪ್ಪತ್ತು ವರ್ಷ ಕಾಲರ್ ಹೊಲಿದವನಿಗೆ ಸುಮ್ಮನಿರಲು ಆಗಲಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ನೆಲ ನೋಡಿದರು. ಬೆಳಗಾದರೆ ಟೈಲರನಿಗೆ ಗಲ್ಲು. ವಾರ್ಡರ್ ಅಂಕಿ ಬರೆದುಕೊಂಡು, "ನಿಮ್ಮಕ್ಕ ಬಂದಿದ್ದಾರೆ. ಹತ್ತೇ ನಿಮಿಷ," ಎಂದ.

ಅಕ್ಕ ಅವನ ಪಾಲಿಗೆ ತಾಯಿಯೇ. ಹೆತ್ತವಳು ಕಣ್ಣು ಮುಚ್ಚಿದ ಮೇಲೆ ಎತ್ತಿ ಆಡಿಸಿದವಳು, ಹೊಲಿಗೆ ಕಲಿಸಿ ಅವನನ್ನು ಮನುಷ್ಯನನ್ನಾಗಿ ಮಾಡಿದವಳು. ಕೆಲವು ವರ್ಷಗಳ ಹಿಂದೆ ಅವಳ ಹೃದಯ ಕೆಟ್ಟಿತು. ಮಷೀನು ತುಳಿಯಲು ಕೂತರೆ ತುಟಿ ನೀಲಿಗಟ್ಟುತ್ತಿತ್ತು. "ಆಪರೇಷನ್ ಪುಕ್ಕಟೆಯಂತೆ ಕಣಕ್ಕ, ಯಾರೋ ಪುಣ್ಯಾತ್ಮರು ದುಡ್ಡು ಕಟ್ತಾರಂತೆ," ಎಂದು ಹೇಳಿ ಕರೆದುಕೊಂಡು ಹೋದ. ಪುಣ್ಯಾತ್ಮರೂ ಇರಲಿಲ್ಲ, ಪುಕ್ಕಟೆಯೂ ಇರಲಿಲ್ಲ. ಅಕ್ಕ ಉಳಿದಳು, ಜೊತೆಗೆ ಸಾಲವೂ ಉಳಿಯಿತು, ಬಡ್ಡಿ ತಿಂದು ಬೆಳೆಯಿತು. ಸಾಲ ಕೊಟ್ಟವನು ಬಾಗಿಲಿಗೆ ಬಂದು, "ನಿನ್ನಿಂದ ಆಗದಿದ್ರೆ ನಿಮ್ಮಕ್ಕನ್ನೇ ಕೇಳ್ತೀನಿ ಬಿಡು," ಎಂದ ದಿನ ಇವನ ಬುದ್ಧಿಗೆ ಮಂಕು ಕವಿಯಿತು.

ಜವಳಿ ಅಂಗಡಿಯ ಯಜಮಾನರು ಮಧ್ಯಾಹ್ನ ಷಟರ್ ಅರ್ಧ ಎಳೆದು ಒಬ್ಬರೇ ಊಟಕ್ಕೆ ಕೂರುತ್ತಾರೆಂದು ಅವನಿಗೆ ಗೊತ್ತಿತ್ತು. ಮುಖಕ್ಕೆ ಬಟ್ಟೆ ಸುತ್ತಿಕೊಂಡ, ಕತ್ತರಿ ಹಿಡಿದ, ದನಿಯನ್ನೂ ಬದಲಾಯಿಸಿ ಗಲ್ಲಾಪೆಟ್ಟಿಗೆಯ ದುಡ್ಡು ಕೇಳಿದ. ಕೊರಳಲ್ಲಿ ಜೋತಾಡುತ್ತಿದ್ದ ಅಳತೆ ಟೇಪನ್ನು ತೆಗೆಯುವುದು ಮಾತ್ರ ಹೊಳೆಯಲಿಲ್ಲ. ಬೆಳಿಗ್ಗೆ ಹಾಕಿಕೊಂಡರೆ ಮಲಗುವ ತನಕ ಅದೊಂದು ಇದೆ ಎಂಬ ನೆನಪೇ ಅವನಿಗೆ ಇರುತ್ತಿರಲಿಲ್ಲ. ಯಜಮಾನರು ತಮಾಷೆಯೆಂದುಕೊಂಡು ಗೊಳ್ಳೆಂದು ನಕ್ಕರು. "ಏನಯ್ಯಾ ಟೈಲರಪ್ಪ, ಮುಖ ಮುಚ್ಕೊಂಡು ಬಂದು ಯಾರ ಅಳತೆ ತಗೋತೀಯ?" ಆ ನಗು ನಿಂತರೆ ಸಾಕು ಎನಿಸಿ, ಬಟ್ಟೆ ಅಳೆಯುವ ಕಬ್ಬಿಣದ ಕೋಲನ್ನು ಎತ್ತಿದ. ಒಂದೇ ಏಟು. ಎಷ್ಟೋ ವರ್ಷ ಕಾಸು ಕೇಳದೆ ಚೂರು ಬಟ್ಟೆ ಕೊಟ್ಟು, "ಯಾವುದಾದ್ರೂ ಮಗೂಗೆ ಹೊಲ್ಕೊಡಯ್ಯ," ಎನ್ನುತ್ತಿದ್ದ ಮನುಷ್ಯ ಬಾಯಲ್ಲಿ ತುತ್ತು ಇದ್ದಂತೆಯೇ ಹೋದರು. ಅದಕ್ಕೆ ಸಬೂಬಿಲ್ಲ ಎಂದು ಅವನಿಗೇ ಗೊತ್ತು. ಸಾಲ ಯಾಕೆ ಮಾಡಿದೆ ಎಂದು ನ್ಯಾಯಾಧೀಶರು ಎರಡೆರಡು ಸಲ ಕೇಳಿದಾಗಲೂ "ಇಸ್ಪೀಟಿಗೆ" ಎಂದುಬಿಟ್ಟ. ಒಂದು ಕೊಲೆಯ ಋಣದಲ್ಲಿ ಉಸಿರಾಡುತ್ತಿದ್ದೇನೆ ಎಂದು ತಿಳಿದರೆ ಅಕ್ಕ ಹೇಗೆ ಬದುಕಿಯಾಳು?

ಜಾಲರಿಯ ಆಚೆ ಕೂತಿದ್ದ ಅಕ್ಕನ ಕಣ್ಣು ಮೊದಲು ಹೋದದ್ದು ಅವನ ಅಂಗಿಗೆ. "ಭುಜ ಇಳಿದುಹೋಗಿದೆಯಲ್ಲೋ. ಯಾರು ಹೊಲಿದಿದ್ದು ಇದನ್ನ?"

"ಇಲ್ಲಿಯವರೇ ಅಕ್ಕ. ಎಲ್ಲರಿಗೂ ಒಂದೇ ಅಳತೆ."

"ಇರ್ಲಿ. ಒಂದು ಕೇಳ್ತೀನಿ, ನಿಜ ಹೇಳು. ಆ ಸಾಲ ನನ್ನ ಆಪರೇಷನ್‌ಗೆ ಮಾಡಿದ್ದಾ?"

"ಅಯ್ಯೋ, ಅದು ಪುಕ್ಕಟೆ ಅಂತ ಆವತ್ತೇ ಹೇಳಿರ್ಲಿಲ್ವಾ? ಇದು ಇಸ್ಪೀಟಿನ ಸಾಲ ಕಣಕ್ಕ."

ಅಕ್ಕ ಅವನನ್ನೇ ದಿಟ್ಟಿಸಿದಳು. ಅವಳ ಗಂಡ ಇಸ್ಪೀಟಾಡಿ ಮನೆಯ ಪಾತ್ರೆಪಗಡೆಯನ್ನೂ ಸೋತು, ಹೇಳದೆ ಕೇಳದೆ ಓಡಿಹೋದವನು. ಆ ಚಟದ ಹೆಸರೆತ್ತಿದರೆ ಅವಳು ಕೆಂಡವಾಗುತ್ತಾಳೆ, ಸಿಟ್ಟಿನಲ್ಲಿ ನಂಬಿಬಿಡುತ್ತಾಳೆ ಎಂದೇ ಟೈಲರ್ ಈ ಸುಳ್ಳನ್ನು ಆರಿಸಿಕೊಂಡಿದ್ದ.

"ಆಡ್ತಿದ್ಯಾ? ಹಾಗಾದ್ರೆ ಹೇಳು, ಒಂದು ಕಟ್ಟಲ್ಲಿ ಎಲೆ ಎಷ್ಟಿರುತ್ತೆ?"

ಅವನು ಜನ್ಮದಲ್ಲಿ ಇಸ್ಪೀಟು ಮುಟ್ಟಿದವನಲ್ಲ. ಚಿಕ್ಕಂದಿನಲ್ಲಿ ಅಕ್ಕನೇ ಆಣೆ ಹಾಕಿಸಿಕೊಂಡಿದ್ದಳು. ಆದರೆ ತಡವರಿಸಿದರೆ ಕೆಟ್ಟೆ ಎಂದುಕೊಂಡು, ಬಾಯಿಗೆ ಬಂದ ಅಂಕಿಯನ್ನು ಹೇಳಿದ. ಟೈಲರನ ಬಾಯಿಗೆ ಬರುವುದು ಟೇಪಿನ ಕೊನೆಯ ಅಂಕಿಯೇ. "ಅರವತ್ತು."

ಅಕ್ಕ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಬೈಗುಳ ಶುರುವಾಯಿತು. "ಹಾಳಾದವನೇ! ನಿಮ್ಮ ಭಾವನ್ನ ನೋಡಿಯೂ ಬುದ್ಧಿ ಬರ್ಲಿಲ್ವಲ್ಲೋ! ನಾಲ್ಕು ಬಾರಿಸಿ ಬೆಳೆಸಬೇಕಿತ್ತು ನಿನ್ನ, ಮುದ್ದು ಮಾಡಿ ಕೆಡಿಸಿದೆ!" ಬೈಯುತ್ತ ಬೈಯುತ್ತಲೇ ಜಾಲರಿಯೊಳಗೆ ಬೆರಳು ತೂರಿಸಿ ಅವನ ಭುಜದ ಹೊಲಿಗೆ ಸರಿಮಾಡಲು ನೋಡಿದಳು. ಬೆರಳು ಅಲ್ಲಿಯವರೆಗೆ ಹೋಗಲಿಲ್ಲ. ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು.

ಕೋಣೆಗೆ ಮರಳುವಾಗ ಅವನ ಮನಸ್ಸು ಎಷ್ಟೋ ತಿಂಗಳ ಮೇಲೆ ಹಗುರವಾಗಿತ್ತು. "ನಂಬಿದ್ಲು ಸಾರ್. ಅಷ್ಟು ಬೈದ್ಲಲ್ಲ, ನಂಬದೆ ಬೈತಾಳಾ?"

ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ವಾರ್ಡರ್ ದಿನಾ ಕಾವಲು ಕೋಣೆಯಲ್ಲಿ ಇಸ್ಪೀಟಾಡುವವನು. ಐವತ್ತೆರಡು ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. "ಹೂಂ, ನಂಬಿದ್ರು," ಎಂದು ಬೀಗ ಹಾಕಿದ.

ಸಂಜೆ ವಾರ್ಡರ್ ಊಟ ತಂದಾಗ ಟೈಲರ್ ತಟ್ಟೆಗೆ ಕೈ ಹಾಕುವ ಮೊದಲು ಕೇಳಿದ, "ಅಕ್ಕನಿಗೆ ಬಸ್ಸು ಸಿಕ್ತಾ ಸಾರ್?"

ವಾರ್ಡರನಿಗೆ ಇಡೀ ಮಧ್ಯಾಹ್ನ ಅದೇ ಕಣ್ಣ ಮುಂದಿತ್ತು. ಯೋಚಿಸದೆ ಹೇಳಿಬಿಟ್ಟ.

"ಎಲ್ಲಿ ಬಸ್ಸು? ಗೇಟಿನ ಹತ್ರ ಕೂತವರು ಇನ್ನೂ ಎದ್ದಿಲ್ಲ. 'ಯಾಕೋ ಉಳಿಸಿದೆ ಇದನ್ನ, ಯಾಕೋ ಉಳಿಸಿದೆ' ಅಂತ ಎದೆಗೆ ಗುದ್ದಿಕೊಳ್ತಾ ಇದ್ದಾರೆ."