ಚಕ್ರದ ಮೆಂಡರ್

"ಇದು ಆಟಿಕೆ," ಅಂದ ಬಂದರಿನ ಸುಂಕದ ಅಧಿಕಾರಿ ವಾಲ್ದೆಮಾರ್, ಡಬ್ಬಿಯಿಂದ ಮೆಂಡರನ್ನು ಎತ್ತಿ ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದ. ಲಾರಿಯ ಆಕಾರದ ಹಳದಿ ಮೆಂಡರ್ ನಾಲ್ಕು ಚಕ್ರಗಳ ಮೇಲೆ ಸರ್ರನೆ ಓಡಿ, ಮೇಜಿನ ಅಂಚು ದಾಟಿ ನೆಲಕ್ಕೆ ಬಿತ್ತು.

ನೆಲಿದಾ ಬಗ್ಗಿ ಎತ್ತಿಕೊಂಡರು. ಮೂವತ್ತನಾಲ್ಕು ವರ್ಷ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಪುಸ್ತಕದಂಗಡಿ ಇಟ್ಟವರು. ಮೊದಲ ಸಲ ಹಡಗಿನಲ್ಲಿ ಸರಕು ತರಿಸಿದ್ದರು: ಆರುನೂರು ಡಬ್ಬಿ, ಪ್ರತಿಯೊಂದರಲ್ಲೂ ಎರಡು ಪೆನ್ಸಿಲು, ಸ್ಕೇಲು, ರಬ್ಬರು, ಈ ಮೆಂಡರು. ಸೋಮವಾರ ಮೊಂಟೆವಿಡಿಯೊದ ಶಾಲೆಗಳೆಲ್ಲ ಶುರು. ಸುಂಕದವರು ಆಟಿಕೆ ಎಂದು ಬರೆದರೆ, ಮಕ್ಕಳಿಗೆ ಅಪಾಯವಿಲ್ಲವೆಂಬ ಪ್ರಯೋಗಾಲಯದ ಪತ್ರ ಬೇಕು. ಅದು ಬರೋದಕ್ಕೆ ಎರಡು ತಿಂಗಳು.

"ಲೋ, ಮೂರನೇ ಕ್ಲಾಸಲ್ಲಿ ನಿನಗೆ ಪಾಠ ಹೇಳಿದವಳು ನಾನು. ಮೆಂಡರ್ ಅಂದ್ರೆ ಗೊತ್ತಾಗಲ್ವೇನೋ?"

"ಗೊತ್ತಾಗುತ್ತೆ ಟೀಚರ್. ಆದ್ರೆ ಓಡುತ್ತಲ್ಲ!" ವಾಲ್ದೆಮಾರ್ ಕಂಕುಳಲ್ಲಿದ್ದ ಫ್ಲಾಸ್ಕಿನಿಂದ ಮಾಟೆ ಚಹಾದ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿಕೊಂಡ. "ಹೋದ ವರ್ಷ ಬಾತುಕೋಳಿ ಥರದ ಸೋಪು ಬಂತು. ಸೋಪು ಅಂತ ಬಿಟ್ಟೆ. ಅದರ ಹೊಟ್ಟೇಲಿ ಪೀಪಿ ಇತ್ತಂತೆ. ನನ್ನನ್ನ ಏರ್‌ಪೋರ್ಟಿಂದ ಎತ್ತಿ ಇಲ್ಲಿಗೆ ಹಾಕಿದ್ರು. ಇನ್ನೊಂದು ತಪ್ಪಾದ್ರೆ ಬ್ರೆಜಿಲ್ ಗಡಿಗೆ ಅಟ್ತಾರೆ."

"ನಿಯಮ ಏನನ್ನುತ್ತೆ?"

"ಸೆಟ್ಟಿನ ಮುಖ್ಯ ಗುಣ ನೋಡು ಅನ್ನುತ್ತೆ. ಡಬ್ಬಿ ತೆಗೆದವರು ಬರೀತಾರೋ, ಆಡ್ತಾರೋ?"

"ಹಾಗಾದ್ರೆ ಜನ್ಮದಲ್ಲಿ ಆಟ ಆಡದವರ ಕೈಗೆ ಕೊಡು. ಅವರೂ ಆಡಿದ್ರೆ ನಾನು ಸೋತೆ, ಆಟಿಕೆ ಅಂತಲೇ ಬರಿ."

ಆ ಕಚೇರಿಯಲ್ಲಿ ಅಂಥವರು ಒಬ್ಬರೇ, ಮುಖ್ಯಸ್ಥೆ ಬೆಂತಾಂಕುರ್. ಅವರು ನಕ್ಕಿದ್ದನ್ನು ಕಂಡವರಿಲ್ಲ. ವಾಲ್ದೆಮಾರ್ ಒಂದು ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಬಂದ. ಇಬ್ಬರೂ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತರು.

ಬೆಂತಾಂಕುರ್ ಡಬ್ಬಿಯ ಮೇಲಿನ ಚೀಟಿಯನ್ನು ಮೂರು ಸಲ ಓದಿದರು. ರಬ್ಬರನ್ನು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ಪೆನ್ಸಿಲ್ ಜೀವಿ, ಫೈಲಿನ ಮೇಲೆ ತಾರೀಕು ಬರೆದರು. "ಬರೆದ್ರು ಕಣೋ!" ಎಂದು ನೆಲಿದಾ ಶಿಷ್ಯನ ಪಕ್ಕೆಗೆ ತಿವಿದರು. ಅಷ್ಟರಲ್ಲಿ ಲಾರಿಯ ಹಿಂಭಾಗ ಪೆನ್ಸಿಲ್ ಸಿಪ್ಪೆಯಿಂದ ತುಂಬಿತ್ತು. ಬೆಂತಾಂಕುರ್ ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ ಗಲ್ಲವನ್ನು ಮೇಜಿಗಿಟ್ಟು, "ಡುರ್ರ್..." ಎನ್ನುತ್ತಾ ಲಾರಿಯನ್ನು ಫೈಲುಗಳ ಸಂದಿಯಲ್ಲಿ ಓಡಿಸಿದರು. ಮೊಹರಿನ ಸುತ್ತ ತಿರುಗಿಸಿದರು. ಮೇಜಿನ ಅಂಚಿನಲ್ಲಿ "ಪೀಂ, ಪೀಂ" ಎಂದು ರಿವರ್ಸ್ ತೆಗೆದುಕೊಂಡು, ಸಿಪ್ಪೆಯನ್ನು ಕಸದಬುಟ್ಟಿಗೆ ಸುರಿದರು.

ನೆಲಿದಾ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು. "ಬರಿಯಪ್ಪ, ಆಟಿಕೆ ಅಂತ. ಮಾತು ಅಂದ್ರೆ ಮಾತು."

"ಟೀಚರ್, ನಾನೇನೂ ನೋಡಿಲ್ಲ ಅಂದುಬಿಡ್ಲಾ?"

"ಮೂರನೇ ಕ್ಲಾಸಲ್ಲೂ ಇದನ್ನೇ ಅಂತಿದ್ದೆ. ಬರಿ."

ಅವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಬೆಂತಾಂಕುರ್ ಇಬ್ಬರನ್ನೂ ನೋಡಿದರು, ಗಾಜಿನ ಮೇಲಿದ್ದ ಎರಡು ಮೂಗಿನ ಗುರುತನ್ನೂ ನೋಡಿದರು. ಅವರ ಕಿವಿ ಕೆಂಪಾಯಿತು.

"ಎಷ್ಟು ಹೊತ್ತಿಂದ ಇಲ್ಲಿದ್ದೀರಿ?"

"ಡುರ್ರ್ ಅನ್ನೋಕೆ ಮುಂಚಿಂದ, ಮೇಡಂ."

ಬೆಂತಾಂಕುರ್ ಕೋಟು ಸರಿಮಾಡಿಕೊಂಡರು. "ಲೇಖನ ಸಾಮಗ್ರಿ. ಬರ್ಕೊಳ್ಳಿ. ಸಾಯಂಕಾಲದೊಳಗೆ ಈಯಮ್ಮನ ಸರಕು ಬಿಟ್ಟುಬಿಡಿ."

"ಮೇಡಂ, ಚಕ್ರಕ್ಕೆ ಕಾರಣ ಬರೀಬೇಕಲ್ಲ?"

"ಕಸ ಸಾಗಣೆ."

ವಾಲ್ದೆಮಾರ್ ಬರೆದುಕೊಂಡ. ಪೆನ್ನು ಎತ್ತಿ ಹಿಡಿದು ತುಸು ಹಿಂಜರಿದ.

"ಮತ್ತೆ ಪೀಂ ಪೀಂ, ಮೇಡಂ?"

"ಸುರಕ್ಷತಾ ಕ್ರಮ," ಅಂದು ಬೆಂತಾಂಕುರ್ ಬಾಗಿಲು ಹಾಕಿಕೊಂಡರು.